ರುದ್ರಣ್ಣ ಕಾಯಿಸಿದ ನೀರು

ರುದ್ರಣ್ಣ ಕುಡಿಯುತ್ತಿರಲಿಲ್ಲ. ಅವನು ಕುಡುಕ ಎಂದು ಊರು ನಂಬಿದ್ದು ನನ್ನ ಒಂದು ಮಾತಿನಿಂದ. ಅವನಿಗೆ ಕಾಮಾಲೆ ಬಂದದ್ದು ಹೆಂಡದಿಂದಲ್ಲ, ನಾನು ಹತ್ತಾರು ಜನರ ಎದುರು ಬಲವಂತವಾಗಿ ಕುಡಿಸಿದ ಒಂದು ಲೋಟ ಕೆರೆ ನೀರಿನಿಂದ. ಇದು ನನಗೆ ಆಗಲೇ ಗೊತ್ತಿತ್ತು. ಆಮೇಲೆ ತಿಳಿದುಬಂದದ್ದಲ್ಲ — ಆಗಲೇ. ಗೊತ್ತಿದ್ದೂ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಏಕೆಂದರೆ ಹಿಂದುಮುಂದು ವಿವರಿಸುತ್ತ ಹೋದರೆ ಎಲ್ಲೋ ಒಂದು ಕಡೆ ನನ್ನನ್ನು ನಾನೇ ಪಾರು ಮಾಡಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಇದು. ಯಾವುದನ್ನು ಬೇಕಾದರೂ ಒಪ್ಪುವಂತೆ ಹೇಳುವುದು ಇದಕ್ಕೆ ಗೊತ್ತು.

ನಾನು ಆಲೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ರುದ್ರಣ್ಣ ಅದೇ ಶಾಲೆಯ ಜವಾನ. ಮಗ್ಗೆ ಹತ್ತಿರದ ಒಕ್ಕಲು ಮನೆತನದವನು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಗಂಟೆ ಹೊಡೆಯುವುದು, ಕೋಣೆಗಳ ಬೀಗ ತೆಗೆಯುವುದು ಹಾಕುವುದು, ನನ್ನ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆದಿಡುವುದು — ಎಲ್ಲ ಅವನದೇ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು ‘ಮೇಷ್ಟ್ರೇ’ ಎನ್ನುತ್ತಿದ್ದ. ಅದರಲ್ಲಿ ತಪ್ಪಿದೆ ಎಂದು ನಮ್ಮಿಬ್ಬರಿಗೂ ಅನಿಸಿರಲಿಲ್ಲ.

ಅವನಲ್ಲಿ ಒಂದು ವಿಚಿತ್ರವಿತ್ತು. ಎಲ್ಲಿಗೆ ಹೋದರೂ ಕಾಯಿಸದ ನೀರು ಕುಡಿಯುತ್ತಿರಲಿಲ್ಲ. ಮದುವೆ ಮನೆಯಲ್ಲೂ ಅಷ್ಟೇ, ನೆಂಟರ ಮನೆಯಲ್ಲೂ ಅಷ್ಟೇ. ಶಾಲೆಯ ಹಿಂದೆ ಮೂರು ಕಲ್ಲು ಹೂಡಿ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನಾ ನೀರು ಕುದಿಸಿ ಆರಿಸಿಟ್ಟುಕೊಳ್ಳುತ್ತಿದ್ದ. ಅವನ ಮೊದಲ ಮಗ ನಾಲ್ಕು ವರ್ಷದವನಿದ್ದಾಗ ವಾಂತಿಭೇದಿಯಾಗಿ ಒಂದೇ ಹಗಲಿನಲ್ಲಿ ತೀರಿಕೊಂಡಿದ್ದ. ಹಬ್ಬಕ್ಕೆ ಹೋದ ಊರಲ್ಲಿ ಬಾವಿ ನೀರು ಕುಡಿದಿದ್ದನಂತೆ. ಅಂದಿನಿಂದ ಹೀಗೆ. ಇದನ್ನು ಅವನು ಒಂದೇ ಒಂದು ಸಲ ನನಗೆ ಹೇಳಿದ್ದ, ಬೀಕರು ತೊಳೆಯುತ್ತ, ಮುಖ ಎತ್ತದೆ. ಅಂದರೆ — ಅದೂ ನನಗೆ ಗೊತ್ತಿತ್ತು.

ಈಗ ನನ್ನ ಫಿಲ್ಟರಿನ ವಿಚಾರ. ಎರಡು ಪ್ಲಾಸ್ಟಿಕ್ ಬಕೆಟ್‌ಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲಿನದರಲ್ಲಿ ಜಲ್ಲಿ, ಮರಳು, ತೆಂಗಿನ ಚಿಪ್ಪಿನ ಇದ್ದಿಲು ತುಂಬಿ, ಕೆಳಗಿನದಕ್ಕೆ ಒಂದು ನಲ್ಲಿ ಜೋಡಿಸಿದ್ದೆ. ಮೇಲೆ ಕೆಂಪು ನೀರು ಸುರಿದರೆ ಕೆಳಗೆ ಕನ್ನಡಿಯಂಥ ನೀರು. ಜಿಲ್ಲಾ ಮಟ್ಟದ ವಸ್ತುಪ್ರದರ್ಶನದಲ್ಲಿ ಬಹುಮಾನ ಬಂತು. ಪತ್ರಿಕೆಯಲ್ಲಿ ಫೋಟೋ ಬಂತು. ಊರಿನ ಅಂಗಡಿಗಳಲ್ಲಿ ಜನ ‘ಮೇಷ್ಟ್ರ ಫಿಲ್ಟರ್’ ಎನ್ನತೊಡಗಿದರು. ಬಸ್ಸಿನಲ್ಲಿ ನನಗೆ ಸೀಟು ಬಿಡತೊಡಗಿದರು. ಎಷ್ಟು ಸಣ್ಣ ವಿಷಯಕ್ಕೆ ಮನುಷ್ಯ ಹಾಳಾಗುತ್ತಾನೆ ಎಂಬುದಕ್ಕೆ ಬೇರೆ ಉದಾಹರಣೆ ನಾನು ಹುಡುಕಬೇಕಿಲ್ಲ.

ಬಹುಮಾನದ ಉಮೇದಿನಲ್ಲಿ ಫಿಲ್ಟರಿನಿಂದ ಇಳಿದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಹಾಸನದ ಒಂದು ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳಿಸಿದ್ದೆ. ಉತ್ತರ ಬಂತು. ನೀರು ಕಣ್ಣಿಗೆ ತಿಳಿಯಾಗಿದೆ, ಆದರೆ ಮಲದಿಂದ ಬರುವ ರೋಗಾಣುಗಳು ಹಾಗೇ ಉಳಿದಿವೆ, ಕುದಿಸದೆ ಕುಡಿಯಲು ಯೋಗ್ಯವಲ್ಲ ಎಂದು ಅದರಲ್ಲಿತ್ತು. ಎರಡು ಸಲ ಓದಿದೆ. ಮಡಚಿ, ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಇನ್ನೊಂದು ಪದರ ಮರಳು ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಅಂದುಕೊಂಡೆ. ನಿಜವಾಗಿ ಅಂದುಕೊಂಡೆನೋ ಅಥವಾ ಅಂದುಕೊಂಡಂತೆ ನಟಿಸಿದೆನೋ — ಇವತ್ತಿಗೂ ಸ್ಪಷ್ಟವಿಲ್ಲ.

ಆ ಕಾಗದ ಬಂದ ಎಂಟನೆಯ ದಿನ ಮಕ್ಕಳ ಚಾರಣ ಹೊರಟಿತು.

ಇಪ್ಪತ್ತೆರಡು ಮಕ್ಕಳು, ನಾನು, ರುದ್ರಣ್ಣ. ಜೊತೆಗೆ ನನ್ನ ಫಿಲ್ಟರನ್ನು ಬಯಲಿನಲ್ಲಿ ಕಣ್ಣಾರೆ ನೋಡಬೇಕೆಂದು ಬಂದಿದ್ದ ಶಿಕ್ಷಣ ಇಲಾಖೆಯ ಒಬ್ಬ ಪರಿವೀಕ್ಷಕರು, ಒಳ್ಳೆಯ ನಗುಮುಖದವರು. ಹೆಗ್ಗದ್ದೆಯಲ್ಲಿ ಬಸ್ಸಿಳಿದು ಕಾಫಿ ತೋಟಗಳನ್ನು ದಾಟಿ ಗುಡ್ಡ ಹತ್ತುವುದು, ಮೇಲೆ ಕಾಡಂಚಿನ ಕೆರೆಯ ಬಳಿ ಊಟ, ಸಂಜೆಗೆ ಇಳಿದು ಪರಿಚಯದ ಎಸ್ಟೇಟ್ ಒಂದರ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ತಂಗುವುದು, ಮರುದಿನ ವಾಪಸ್ಸು. ಇಷ್ಟೇ ಕಾರ್ಯಕ್ರಮ. ಕುಡಿಯುವ ನೀರು ಹೊತ್ತೊಯ್ಯುವ ಅಗತ್ಯವಿಲ್ಲ, ಕೆರೆಯ ನೀರನ್ನೇ ಶುದ್ಧ ಮಾಡಿ ಕುಡಿಯುತ್ತೇವೆ ಎಂದು ಮಕ್ಕಳಿಗೆ ಹೇಳಿದ್ದೆ. ಅದೇ ಪಾಠ. ಫಿಲ್ಟರನ್ನು ಗುಡ್ಡದ ತುದಿಯವರೆಗೆ ಹೆಗಲ ಮೇಲೆ ಹೊತ್ತವನು ರುದ್ರಣ್ಣ.

ಇನ್ನೊಂದು ಮಾತು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ, ಆದರೂ. ನನ್ನ ಚೀಲದಲ್ಲಿ ಮನೆಯಿಂದ ಕುದಿಸಿ ಆರಿಸಿ ತಂದ ಎರಡು ಬಾಟಲಿ ನೀರಿತ್ತು.

ಕೆರೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮೋಡವಿಲ್ಲದ ದಿನ, ಮಕ್ಕಳ ನಾಲಿಗೆ ಒಣಗಿತ್ತು. ನಾನು ನೀರು ಮೊಗೆದು ಫಿಲ್ಟರಿಗೆ ಸುರಿಯುತ್ತ ಪರಿವೀಕ್ಷಕರಿಗೆ ವಿವರಿಸುತ್ತಿದ್ದೆ. ರುದ್ರಣ್ಣ ಕೆರೆಗೆ ನೀರು ಬಂದು ಬೀಳುವ ಹಳ್ಳದ ದಾರಿ ಹಿಡಿದು ಸ್ವಲ್ಪ ದೂರ ಮೇಲೆ ಹೋಗಿ ಬಂದವನು, ಸೌದೆ ಆಯ್ದು ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದ. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ಮೇಷ್ಟ್ರೇ, ಮ್ಯಾಲ್ಗಡೆ ಮರ ಕಡಿಯೋ ಆಳುಗಳು ಶೆಡ್ ಹಾಕ್ಕೊಂಡವ್ರೆ. ಬೆಳಿಗ್ಗೆ ಎದ್ರೆ ಎಲ್ಲಾ ಈ ಹಳ್ಳದ ದಂಡೇಲೇ ಕೂರೋದು. ಅದೇ ನೀರು ಇಲ್ಲಿಗ್ ಬರ್ತೈತೆ. ಒಂದ್ ಕುದಿ ಕುದಿಸ್ಬುಡಾನ.”

ನನಗೆ ಡ್ರಾಯರಿನ ಕಾಗದ ನೆನಪಾಯಿತು. ಆ ಕ್ಷಣದಲ್ಲೇ ಆಯಿತು. ಆದರೆ ಪರಿವೀಕ್ಷಕರು ಪಕ್ಕದಲ್ಲೇ ಇದ್ದರು, ಅವರಿಗೂ ಕೇಳಿಸಿತ್ತು.

“ಒಲೆ ಆರಿಸು ರುದ್ರಣ್ಣ. ಇದು ಫಿಲ್ಟರ್ ಆದ ನೀರು” ಎಂದೆ.

“ಇರ್ಲಿ ಬುಡಿ ಮೇಷ್ಟ್ರೇ. ಹಚ್ಚಿದ್ ಬೆಂಕಿ ಹಂಗೇ ಇರ್ಲಿ. ಮಕ್ಳ ವಿಚಾರ ಕಣ್ರೀ…”

ಪರಿವೀಕ್ಷಕರು ನಕ್ಕರು. “ಏನ್ರೀ ಇದು, ನಿಮ್ಮ ಜವಾನನಿಗೇ ನಿಮ್ಮ ಫಿಲ್ಟರ್ ಮೇಲೆ ನಂಬಿಕೆ ಇಲ್ವಲ್ಲ!” ತಮಾಷೆಗೆ ಹೇಳಿದ್ದು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಮಕ್ಕಳೂ ನಕ್ಕುಬಿಟ್ಟರು, ಮತ್ತು ನನ್ನ ಮುಖಕ್ಕೆ ರಕ್ತ ನುಗ್ಗಿತು. ನಾನೇ ಹೋಗಿ ಉರಿಯುವ ಕೊಳ್ಳಿಗಳನ್ನು ಕಾಲಿನಿಂದ ಚದುರಿಸಿ ನೀರು ಹುಯ್ದೆ. ನಲ್ಲಿ ತಿರುಗಿಸಿ ಲೋಟ ತುಂಬಿ ರುದ್ರಣ್ಣನ ಕೈಗೆ ಕೊಟ್ಟೆ.

“ಮೊದಲನೇ ಲೋಟ ನೀನೇ ಕುಡಿ. ಮಕ್ಕಳು ನೋಡಲಿ.”

ಅವನು ಲೋಟದೊಳಗೆ ನೋಡಿದ. ನೀರು ತಿಳಿಯಾಗಿತ್ತು. ಒಂದು ಕೈಯಿಂದ ಎದೆಯ ಕರಡಿಗೆಯನ್ನು ಮುಟ್ಟಿಕೊಂಡು, ಇನ್ನೊಂದು ಕೈಯಿಂದ ಲೋಟ ಎತ್ತಿ, ಒಂದೇ ಗುಟುಕಿಗೆ ಎಂಬಂತೆ ಪೂರ್ತಿ ಕುಡಿದ. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಮಕ್ಕಳು ಕುಡಿದರು. ಪರಿವೀಕ್ಷಕರು ಒಂದು ಗುಟುಕು ಕುಡಿದು ‘ಬಹಳ ರುಚಿಯಾಗಿದೆ’ ಎಂದರು. ನಾನು ಲೋಟವನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟೆ. ಬುತ್ತಿ ಚಿತ್ರಾನ್ನ ತಿಂದ ಮೇಲೆ ಬಂಡೆಯ ಮರೆಗೆ ಹೋಗಿ ನನ್ನ ಬಾಟಲಿಯ ನೀರು ಕುಡಿದೆ.

ಸಂಜೆ ಎಸ್ಟೇಟಿನ ಸ್ಟೋರಿಗೆ ಇಳಿದು ಬಂದೆವು. ಪರಿವೀಕ್ಷಕರು ಅಲ್ಲಿಂದಲೇ ಒಂದು ಜೀಪಿನಲ್ಲಿ ಸಕಲೇಶಪುರಕ್ಕೆ ಹೊರಟರು. ಫಿಲ್ಟರಿನಲ್ಲಿ ಉಳಿದ ನೀರನ್ನು ಕೆಳಗಿಳಿಸಿಕೊಂಡು ಬಂದಿದ್ದೆವು, ರಾತ್ರಿಗೆ ಅದೇ ಸಾಕು ಎಂದೆ. ರುದ್ರಣ್ಣ ಸ್ವಲ್ಪ ಹೊತ್ತಿಗೆ ಕಾಣೆಯಾದ. ಕೂಲಿಯವರು ಇರುವ ಲೈನ್ ಮನೆಗಳ ಕಡೆ ಹೋದ ಎಂದು ಒಬ್ಬ ಹುಡುಗಿ ಹೇಳಿದಳು. ಕತ್ತಲಾದ ಮೇಲೆ ಬಂದ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಯಾರದೋ ದೊಡ್ಡ ಪಾತ್ರೆ, ಪಾತ್ರೆಯಿಂದ ಹಬೆ ಏಳುತ್ತಿತ್ತು. ಲೈನಿನ ಹೆಂಗಸರ ಹತ್ತಿರ ಒಲೆ ಕೇಳಿ ನೀರು ಕುದಿಸಿಕೊಂಡು ಬಂದಿದ್ದ. ಪಾತ್ರೆ ಇಳಿಸಿ, ಫಿಲ್ಟರಿನಲ್ಲಿದ್ದ ನೀರನ್ನು ನನ್ನ ಕಣ್ಣೆದುರೇ ಹೊರಗೆ ಚೆಲ್ಲಿ, ಮಕ್ಕಳಿಗೆ ಕಾದ ನೀರು ಬಡಿಸಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಸಿಟ್ಟು ಬಂತು, ಅವಮಾನವಾಯಿತು — ಸಮಾಧಾನವೂ ಆಯಿತು. ಚಾಪೆಯ ಮೇಲೆ ಮಲಗಿದೆ.

ಊರಿಗೆ ಮರಳಿದ ಮೂರು ದಿನದೊಳಗೆ ಐದಾರು ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಬುತ್ತಿ ಹಳಸಿತ್ತೇನೋ ಎಂದು ಮನೆಯವರೇ ಅಂದುಕೊಂಡರು, ನಾನೂ ಹೂಂಗುಟ್ಟಿದೆ. ಎಲ್ಲರೂ ಬೇಗ ಸರಿಹೋದರು. ಒಂದು ತಿಂಗಳ ಮೇಲೆ ಅದೇ ಗುಂಪಿನ ಒಬ್ಬ ಹುಡುಗನ ತಂದೆ ಬಂದು, ಮಗನಿಗೆ ಊಟ ಸೇರುತ್ತಿಲ್ಲ, ಮೂತ್ರ ಹಳದಿ ಹೋಗುತ್ತಿದೆ ಎಂದ. “ಬಿಸಿಲಲ್ಲಿ ಅಲೆದದ್ದಕ್ಕೆ ಪಿತ್ತ ಆಗಿರಬೇಕು, ಎಳನೀರು ಕೊಡಿ” ಎಂದು ಕಳಿಸಿದೆ. ಕೆಟ್ಟ ನೀರಿನಿಂದ ಬರುವ ಕಾಮಾಲೆ ತಿಂಗಳು ಕಳೆದ ಮೇಲೂ ತಲೆಯೆತ್ತಬಹುದು ಎಂದು ಹತ್ತನೇ ತರಗತಿಗೆ ಪ್ರತಿ ವರ್ಷ ಪಾಠ ಮಾಡುತ್ತಿದ್ದವನು ನಾನು.

ಆ ಹುಡುಗ ಗುಣವಾದ. ಅದೇ ವಾರ ರುದ್ರಣ್ಣನ ಕಣ್ಣುಗಳು ಹಳದಿಯಾದವು.

ಹಳ್ಳಿಯ ಔಷಧಿ, ಪಥ್ಯ ಅಂತ ಹತ್ತು ದಿನ ಕಳೆದು, ಕೊನೆಗೆ ನಿಲ್ಲಲಾರದೆ ಆಸ್ಪತ್ರೆ ಸೇರಿದ. ಅಲ್ಲಿ ಡಾಕ್ಟರು ‘ಕುಡಿಯೋ ಅಭ್ಯಾಸ ಇದೆಯಾ’ ಎಂದು ಕೇಳಿದರಂತೆ. ಕಾಮಾಲೆಯಾದ ಗಂಡಸನ್ನು ಯಾರೂ ಕೇಳುವ ಪ್ರಶ್ನೆ ಅದು. ‘ಇಲ್ಲ’ ಎಂದನಂತೆ. ಆದರೆ ಪಕ್ಕದ ಮಂಚದವರಿಗೆ ಪ್ರಶ್ನೆ ಕೇಳಿಸಿತ್ತು. ಊರಿಗೆ ಬಂದು ಮುಟ್ಟಿದ್ದು ಆ ಪ್ರಶ್ನೆ ಮಾತ್ರ, ಅವನ ಉತ್ತರವಲ್ಲ.

ಒಂದು ದಿನ ಶಿಕ್ಷಕರ ಕೊಠಡಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆವು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ ಕೇಳಿದರು:

“ಅಲ್ರೀ, ರುದ್ರಣ್ಣ ಕುಡೀತಿದ್ನಾ? ನಿಮ್ ಜೊತೆ ಕಾಡು ಸುತ್ತಿದೋನು, ನಿಮ್ಗೆ ಗೊತ್ತಿರ್ಬೇಕಲ್ಲ?”

ಎಲ್ಲರೂ ನನ್ನನ್ನೇ ನೋಡಿದರು. ನೀರು ಎನ್ನುವ ಒಂದು ಪದ ನನ್ನ ಬಾಯಿಂದ ಬಂದರೆ ಫಿಲ್ಟರು, ಹಳದಿ ಮೂತ್ರದ ಹುಡುಗ, ಡ್ರಾಯರಿನ ಕಾಗದ — ಎಲ್ಲ ಹೊರಗೆ ಬರುತ್ತವೆ. ನಾನು ಲೋಟ ಕೆಳಗಿಟ್ಟು ಹೇಳಿದೆ:

“ನಂಗೆ ಗೊತ್ತಿಲ್ಲಪ್ಪ. ಆವತ್ತು ಸಂಜೆ ಮಾತ್ರ ಲೈನ್ ಕಡೆ ಹೋದೋನು ಕತ್ತಲಾದ ಮೇಲೇ ಬಂದದ್ದು.”

ಅಷ್ಟೇ. ಒಂದಕ್ಷರವೂ ಸುಳ್ಳಲ್ಲ ನೋಡಿ. ಎಸ್ಟೇಟ್ ಲೈನಿನಲ್ಲಿ ಸಾರಾಯಿ ಸಿಗುತ್ತದೆ ಎಂಬುದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು, ಉಳಿದದ್ದನ್ನು ಅವರೇ ಸೇರಿಸಿಕೊಂಡರು. ಯಾರೋ ‘ಛೆ, ಲಿಂಗ ಕಟ್ಟಿದೋನು’ ಎಂದರು. ಗಂಟೆ ಹೊಡೆಯಲು ಆಗ ರುದ್ರಣ್ಣ ಇರಲಿಲ್ಲ, ಅದಕ್ಕೆ ನಾನೇ ಎದ್ದು ಹೋಗಿ ಹೊಡೆದೆ.

ಎರಡು ತಿಂಗಳ ಮೇಲೆ ಅವನು ಸವೆದ ದೇಹ ಹೊತ್ತು ಕೆಲಸಕ್ಕೆ ಬಂದ. ಹೆಡ್‌ಮಾಸ್ಟರು ಬೀಗದ ಕೈಗಳನ್ನು ಅವನಿಗೆ ಮತ್ತೆ ಕೊಡಲಿಲ್ಲ. ಏಕೆ ಎಂದು ಹೇಳಲೂ ಇಲ್ಲ. ಆ ವೇಳೆಗೆ ಅವನ ಮಗಳು ಮಂಗಳಾಳಿಗೆ ಮಗ್ಗೆಯಲ್ಲೇ ಒಂದು ಒಳ್ಳೆಯ ಮನೆಯಲ್ಲಿ ಸಂಬಂಧ ಕುದುರಿತ್ತು, ವೀಳ್ಯಶಾಸ್ತ್ರಕ್ಕೆ ದಿನ ನೋಡುತ್ತಿದ್ದರು. ಗಂಡಿನ ಕಡೆಯವರು ಹಿಂದೆ ಸರಿದರು.

ಆ ವಾರ ಅವನು ಪ್ರಯೋಗಾಲಯಕ್ಕೆ ಬಂದ. ಬಾಗಿಲಲ್ಲೇ ನಿಂತ.

“ಮೇಷ್ಟ್ರೇ, ನೀವೊಂದ್ ಮಾತು ಹೇಳ್ಬುಡಿ. ನೀವು ಓದಿರೋರು, ನಿಮ್ ಮಾತು ಅಂದ್ರೆ ಜನ ಕೇಳ್ತಾರೆ. ಈ ಕಾಯ್ಲೆ ನೀರಿಂದ್ಲೂ ಬರ್ತೈತೆ ಅಂತ ಅಷ್ಟು ಹೇಳ್ಬುಡಿ ಸಾಕು. ಫಿಲ್ಟರ್ ಮಾತು ಎತ್ತೋದೇ ಬ್ಯಾಡ. ಯಾವ್ದೋ ನೀರು ಅನ್ನಿ.”

ಗಮನಿಸಿ. ಅವನಿಗೆ ಎಲ್ಲ ಅರ್ಥವಾಗಿತ್ತು. ಆದರೂ ನನಗೊಂದು ದಾರಿ ಬಿಟ್ಟುಕೊಟ್ಟೇ ಬೇಡಿದ್ದ. ಲೈನ್ ಕಡೆ ಹೋದದ್ದರ ಬಗ್ಗೆ ನಾನಾಡಿದ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅದನ್ನು ಅವನು ಎತ್ತಲೇ ಇಲ್ಲ.

“ನೋಡೋಣ ರುದ್ರಣ್ಣ, ಸಮಯ ನೋಡಿ ಮಾತಾಡ್ತೀನಿ” ಎಂದೆ.

ಅವನು ತಲೆಯಾಡಿಸಿ ಹೋದ. ಮತ್ತೆ ಕೇಳಲಿಲ್ಲ. ಎರಡನೇ ಸಲ ಕೇಳಿದ್ದರೆ — ಇಲ್ಲ, ಎರಡನೇ ಸಲ ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು: ಫಿಲ್ಟರನ್ನು ಮುರಿದು ಜಲ್ಲಿ ಮರಳನ್ನು ಶಾಲೆಯ ಹೂದೋಟಕ್ಕೆ ಸುರಿದೆ, ಪ್ರಯೋಗಾಲಯದ ಕಾಗದವನ್ನು ಸುಟ್ಟೆ. ಮುಂದಿನ ಚಾರಣಗಳಲ್ಲಿ ನೀರನ್ನು ಬುಗ್ಗೆಯೆದ್ದು ಕುದಿಯುವವರೆಗೆ ಕಾಯಿಸಿಯೇ ಕುಡಿಸಿದೆ. ಮಕ್ಕಳು ‘ಫಿಲ್ಟರ್ ಎಲ್ಲಿ ಸಾರ್’ ಎಂದರೆ, ‘ತಿಳಿಯಾಗಿದ್ದ ಮಾತ್ರಕ್ಕೆ ನೀರು ಶುದ್ಧವಲ್ಲ’ ಎಂದು ಗಂಭೀರವಾಗಿ ಬೋಧಿಸಿದೆ. ಆ ಜ್ಞಾನ ಎಲ್ಲಿಂದ ಬಂತು ಎಂದು ಹೇಳಲಿಲ್ಲ.

ಮಂಗಳಾಳ ಮದುವೆ ಮೂರು ವರ್ಷ ತಡವಾಗಿ ಆಲೂರಿನಲ್ಲಿ ಆಯಿತು. ರುದ್ರಣ್ಣ ಇನ್ನೂ ಮೂರು ವರ್ಷ ಬದುಕಿದ್ದು, ಒಂದು ಬೆಳಿಗ್ಗೆ ಎದೆನೋವು ಬಂದು ಹೋದ. ಮಣ್ಣಿಗೆ ಹೋಗಿದ್ದೆ. ಗುಂಡಿಯ ಬಳಿ ನನ್ನ ಹಿಂದೆ ನಿಂತಿದ್ದ ಇಬ್ಬರು ‘ಕುಡ್ದೂ ಕುಡ್ದೂ ಒಳಗೆಲ್ಲ ಹಾಳಾಗಿತ್ತಂತೆ ಕಣೋ’ ಎಂದು ಮಾತಾಡಿಕೊಂಡರು. ಹಿಂತಿರುಗಿ ನೋಡಬಹುದಿತ್ತು. ಒಂದು ಹಿಡಿ ಮಣ್ಣು ಹಾಕಿ ಬಂದೆ.

ನಿವೃತ್ತನಾಗಿ ಒಂದು ವರ್ಷದ ಮೇಲೆ, ಅಂದರೆ ಕಳೆದ ಮಾಘದಲ್ಲಿ, ಮಂಗಳಾಳ ಮನೆಗೆ ಹೋದೆ. ಅವಳೂ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಎಲ್ಲ ಹೇಳಿದೆ. ಕಾಗದ, ಲೋಟ, ನನ್ನ ಬಾಟಲಿಗಳು, ಲೈನಿನಿಂದ ಬಂದ ಕಾದ ನೀರು, ಶಿಕ್ಷಕರ ಕೊಠಡಿಯ ಮಾತು. ಅವಳು ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅತ್ತು ಕ್ಷಮಿಸುತ್ತಾಳೆ ಎಂದುಕೊಂಡೇ ಹೋಗಿದ್ದೆ.

“ಇದ್ನ ನಂಗ್ಯಾಕ್ ಹೇಳ್ತೀರಿ ಸಾರ್?” ಎಂದಳು. “ನಮ್ಮಪ್ಪ ಕುಡೀತಿದ್ರು ಅಂತ ನಾನು ಯಾವತ್ತಾದ್ರೂ ಅಂದ್ಕೊಂಡಿದ್ನಾ? ಅಂದ್ಕೊಂಡೋರು ಊರೋರು, ಅವ್ರಿಗೆ ಹೇಳಿ ಹೋಗಿ.”

ಅಷ್ಟು ಹೇಳಿ ಯಂತ್ರ ತುಳಿಯತೊಡಗಿದಳು. ನಾನು ಎದ್ದು ಬಂದೆ.

ಮೊದಲು ಹೋದದ್ದು ಸಕಲೇಶಪುರದಲ್ಲಿ ನೆಲೆಸಿರುವ ನಮ್ಮ ಹಳೆಯ ಹೆಡ್‌ಮಾಸ್ಟರ ಮನೆಗೆ. ರುದ್ರಣ್ಣನ ಹೆಸರು ಹೇಳಿದೆ. ಸ್ವಲ್ಪ ಯೋಚಿಸಿ, “ಯಾರು, ಆ ಕುಡುಕ ಅಟೆಂಡರ್ರಾ?” ಎಂದರು. ಅವರ ನೆನಪಿನಲ್ಲಿ ಹದಿನೆಂಟು ವರ್ಷ ಗಂಟೆ ಹೊಡೆದವನಿಗೆ ಉಳಿದಿದ್ದ ಗುರುತು ಅದೊಂದೇ. ನಾನು ಇಟ್ಟ ಗುರುತು. ಪೂರ್ತಿ ಕೇಳಿದ ಮೇಲೆ ಅವರು, “ಹೋಗ್ಲಿ ಬಿಡಿ ಮಾರಾಯ್ರೇ, ಹೋದೋನು ಹೋದ. ಈಗ್ಯಾಕೆ ನಿಮ್ಮ ಹೆಸರು ಕೆಡಿಸ್ಕೊಂತೀರ?” ಎಂದು ಬೆನ್ನು ತಟ್ಟಿದರು. ಆ ಕೈಯ ಬಿಸಿ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ. ಅಷ್ಟು ಸುಲಭವಾಗಿ ನನ್ನನ್ನು ಬಿಟ್ಟುಬಿಡುವವರು ನನಗೆ ಎಂದೂ ಕಡಿಮೆಯಾಗಿರಲಿಲ್ಲ.

ಹೋದ ಭಾನುವಾರ ಮಗ್ಗೆಗೆ ಹೋದೆ, ಸಂಬಂಧ ಮುರಿದ ಮನೆಗೆ. ಆ ಗಂಡಿನ ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಬೇಕಾಯಿತು, ಅಕ್ಕಪಕ್ಕದವರಿಗೂ ಕೇಳುವಂತೆ. ಮಾತಿನ ಮಧ್ಯೆ ಅವರ ಕೈ ನಿಂತಿತು.

“ಆವಯ್ಯ ನಮ್ ಬಾಗ್ಲಿಗೆ ಬಂದಿದ್ರು ಮೇಷ್ಟ್ರೇ” ಎಂದರು. “ಇಲ್ಲೇ, ನೀವ್ ನಿಂತಿದ್ದೀರಲ್ಲ, ಅಲ್ಲೇ. ಲಿಂಗ ಕೈಲಿ ಹಿಡ್ಕೊಂಡು ಆಣೆ ಇಟ್ರು, ಒಂದ್ ತೊಟ್ಟೂ ಮುಟ್ಟಿಲ್ಲ ಕಣವ್ವ ಅಂತ. ನಮ್ ಯಜಮಾನ್ರು ನಂಬ್ಲಿಲ್ಲ. ಮೇಷ್ಟ್ರೇ ಕಂಡವ್ರಂತೆ, ಮೇಷ್ಟ್ರು ಸುಳ್ಳಾಡ್ತಾರಾ ಅಂದ್ಬುಟ್ರು.”

ಇದು ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ನನಗೆ ಗೊತ್ತಿಲ್ಲದೆ ಉಳಿದಿದ್ದದ್ದು ಇದೊಂದೇ. ಲಿಂಗ ಹಿಡಿದು ಇಟ್ಟ ಆಣೆಗಿಂತ ನನ್ನ ಮಾತಿಗೆ ಬೆಲೆ ಬಂದಿತ್ತು.

ಅವರು ನನಗೆ ಕೂರಲು ಹೇಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ರುದ್ರಣ್ಣ ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಬೀದಿಯಲ್ಲಿ ಒಬ್ಬಿಬ್ಬರು ನಿಂತು ನೋಡುತ್ತಿದ್ದರು. ಅವರ ಹತ್ತಿರ ಹೋಗಿ, ನಿಮಗೆ ರುದ್ರಣ್ಣ ಗೊತ್ತಿತ್ತೇ ಎಂದು ಕೇಳಿ, ಮತ್ತೆ ಮೊದಲಿನಿಂದ ಹೇಳತೊಡಗಿದೆ.